ಎಡಗಿವಿಗೆ ‘ನೋಡಿರಿ’, ಬಲಗಿವಿಗೆ ‘ಯಾರನ್ನು?’

ಪ್ರಶ್ನೆ: ನಾನು ಧಾರವಾಡದವನು, ಹಿಂದೂಸ್ತಾನಿ ಕೇಳಿ ಬೆಳೆದವನು. ಕಳೆದ ಗುಡ್ ಫ್ರೈಡೇ ರಾತ್ರಿ ಯುರೋಪಿನ ಒಂದು ರೇಡಿಯೊದಲ್ಲಿ ಜರ್ಮನ್ ಸಂಗೀತಕಾರ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’, ಯೇಸುವಿನ ಯಾತನೆ-ಸಾವಿನ ಕಥೆಯ ಸಂಗೀತಕೃತಿ, ಅದರ ನೇರಪ್ರಸಾರ ಸಿಕ್ಕಿತು, ಫೋನಿನಲ್ಲೇ ಹಚ್ಚಿದೆ. ಮೊದಲ ಏಳೆಂಟು ನಿಮಿಷ ಮೈ ಜುಮ್ಮೆಂದಿತು. ಆಮೇಲೆ ಒಬ್ಬಾತ ಮಾತೂ ಅಲ್ಲದ, ಹಾಡೂ ಅಲ್ಲದ ಧಾಟಿಯಲ್ಲಿ ಏನೋ ಹೇಳತೊಡಗಿದ. ನಡುನಡುವೆ ಹಾಡು ಶುರುವಾಗುವುದು, ನಿಲ್ಲುವುದು. ನಲವತ್ತು ನಿಮಿಷಕ್ಕೆ ಎದ್ದುಬಿಟ್ಟೆ. ನನಗೆ ಜರ್ಮನ್ ಬಾರದು, ನಾನು ಕ್ರೈಸ್ತನೂ ಅಲ್ಲ. ಇದನ್ನು ಕೇಳುವುದು ಹೇಗೆ? ಒಳ್ಳೊಳ್ಳೆ ರೆಕಾರ್ಡಿಂಗ್ ಇರುವಾಗ ನೇರಪ್ರಸಾರವೇ ಯಾಕೆ ಬೇಕು?

ಉತ್ತರ: ಜರ್ಮನ್ ಬಾರದ್ದು ದೊಡ್ಡ ಅಡ್ಡಿಯೇನಲ್ಲ. ಫೋನಿನ ಸ್ಪೀಕರಿನಲ್ಲಿ ಕೇಳಿದ್ದೇ ಎಡವಟ್ಟು.

ನಿಮ್ಮ ಮೈ ಜುಮ್ಮೆನ್ನಿಸಿದ ಆ ಮೊದಲ ಗೀತೆಯನ್ನೇ ತಗೊಳ್ಳಿ. ಅಲ್ಲಿ ಹಾಡುತ್ತಿರುವುದು ಒಂದು ವೃಂದವಲ್ಲ, ಎರಡು. ಎರಡಕ್ಕೂ ಬೇರೆ ಬೇರೆ ವಾದ್ಯಮೇಳ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಮೊದಲ ವೃಂದ ‘ನೋಡಿರಿ’ ಎಂದು ಕೂಗುತ್ತದೆ. ಎರಡನೆಯದು ತಟ್ಟನೆ ‘ಯಾರನ್ನು?’ ಅನ್ನುತ್ತದೆ. ‘ಮದುಮಗನನ್ನು. ಅವನನ್ನು ನೋಡಿರಿ.’ ‘ಹೇಗೆ?’ ‘ಕುರಿಮರಿಯ ಹಾಗೆ.’ (ಮದುಮಗನೂ ಕುರಿಮರಿಯೂ ಯೇಸುವೇ.) ಮತ್ತೆ ‘ಏನನ್ನು?’, ಮತ್ತೆ ‘ಎಲ್ಲಿಗೆ?’. ಜರ್ಮನ್‌ನಲ್ಲಿ ಈ ನಾಲ್ಕೂ ಚಿಕ್ಕ ಚಿಕ್ಕ ಪದಗಳು: ವೇನ್, ವೀ, ವಾಸ್, ವೋಹಿನ್. ಬೀದಿಯಲ್ಲಿ ಮೆರವಣಿಗೆ ಬರುವಾಗ ಹಿಂದೆ ನಿಂತು ಏನೂ ಕಾಣದವರು ಮುಂದಿನವರ ಹೆಗಲು ತಟ್ಟಿ ಕೇಳುತ್ತಾರಲ್ಲ, ಅದೇ. ಹೆಡ್‌ಫೋನ್ ಹಾಕಿ ಕೇಳಿದರೆ ಕೂಗು ಒಂದು ಕಿವಿಗೆ ಬರುತ್ತದೆ, ಪ್ರಶ್ನೆ ಇನ್ನೊಂದಕ್ಕೆ. ಫೋನಿನ ಒಂದೇ ತೂತಿನಿಂದ ಕೇಳಿದರೆ ಎಲ್ಲ ಸೇರಿ ಒಂದು ಗದ್ದಲ, ಭವ್ಯವೇ ಆದರೂ ಗದ್ದಲ. ಇವೆರಡರ ಮೇಲೆ ಮೂರನೆಯದೂ ಒಂದಿದೆ. ಕೆಳಗೆಲ್ಲ ಇ ಮೈನರ್‌ನ ಶೋಕ ಹೊರಳುತ್ತಿರುವಾಗ ಮಕ್ಕಳ ದನಿಗಳು ಜಿ ಮೇಜರ್‌ನಲ್ಲಿ, ನಿಧಾನವಾಗಿ, ಏನೂ ಆಗಿಲ್ಲವೆಂಬಂತೆ ಹಳೆಯ ಸ್ತೋತ್ರವೊಂದನ್ನು ಹಾಡುತ್ತ ಹೋಗುತ್ತವೆ. ನಿಮ್ಮ ಕಿವಿಗೆ ಇದು ಬೇಗ ಹತ್ತಬೇಕು: ಒಂದೇ ಸ್ವರಗುಚ್ಛ, ಎರಡು ಬೇರೆ ಆಧಾರ ಷಡ್ಜ.

ಈ ಎಡ-ಬಲ ಬರೀ ಚಮತ್ಕಾರ ಅಲ್ಲ. ಬಾಖ್ ಕೆಲಸದಲ್ಲಿದ್ದ, ಜರ್ಮನಿಯ ಲೈಪ್ಸಿಗ್‌ನ ಥಾಮಸ್ ಚರ್ಚಿನಲ್ಲಿ ಆ ಕಾಲಕ್ಕೆ ಎರಡು ಆರ್ಗನ್‌ಗಳಿದ್ದವು. ದೊಡ್ಡದು ಒಂದು ತುದಿಯ ಅಟ್ಟದಲ್ಲಿ, ಚಿಕ್ಕದು ಎದುರು ತುದಿಯಲ್ಲಿ ಗುಬ್ಬಿಗೂಡಿನಂತೆ ಗೋಡೆಗೆ ಅಂಟಿಕೊಂಡು. 1736ರ ಪ್ರದರ್ಶನದಲ್ಲಿ ಎರಡೂ ನುಡಿದವೆಂದು ಆ ಚರ್ಚಿನ ಪರಿಚಾರಕ ಬರೆದಿಟ್ಟಿದ್ದಾನೆ. ಕೃತಿ ಮೊದಲು ಕೇಳಿಬಂದದ್ದು 1727ರ ಏಪ್ರಿಲ್ 11ರ ಗುಡ್ ಫ್ರೈಡೇಯಂದು, ಮಧ್ಯಾಹ್ನದ ಪ್ರಾರ್ಥನೆಯ ಭಾಗವಾಗಿ. ಎರಡು ಭಾಗಗಳ ನಡುವೆ ಸುಮಾರು ಒಂದು ಗಂಟೆಯ ಉಪದೇಶ ಬೇರೆ. ನಲವತ್ತು ನಿಮಿಷಕ್ಕೆ ಎದ್ದ ನಿಮ್ಮನ್ನು ನಾನು ಬೈಯುವುದಿಲ್ಲ. ಸಂಗೀತವೇ ಎರಡೂಮುಕ್ಕಾಲು ಗಂಟೆ, ಆ ಜನ ಮರದ ಬೆಂಚಿನ ಮೇಲೆ ಅದಕ್ಕಿಂತ ಎಷ್ಟೋ ಹೊತ್ತು ಕೂತಿದ್ದರು.

ಇನ್ನು ‘ಮಾತೂ ಅಲ್ಲದ ಹಾಡೂ ಅಲ್ಲದ’ ಆ ಮನುಷ್ಯ. ಅವನು ಸುವಾರ್ತಾಕಾರ, ಕಥೆ ಹೇಳುವವನು, ಯಾವಾಗಲೂ ಟೆನರ್, ಅಂದರೆ ಗಂಡಸರ ಎತ್ತರದ ಕಂಠ. ನೀವು ಗಮಕ ಕೇಳಿರುತ್ತೀರಿ. ಗಮಕಿ ಪದ್ಯ ವಾಚಿಸಿ ನಿಲ್ಲಿಸುತ್ತಾರೆ, ವ್ಯಾಖ್ಯಾನಕಾರರು ಅದನ್ನು ಹಿಡಿದು ಬಿಡಿಸುತ್ತಾರೆ. ಇಲ್ಲಿ ವಾಚನ ಸುವಾರ್ತಾಕಾರನದು, ವ್ಯಾಖ್ಯಾನ ಆರಿಯಾಗಳದು, ಅಂದರೆ ಒಬ್ಬೊಬ್ಬರೇ ಹಾಡುವ ಬಿಡಿ ಹಾಡುಗಳದು. ವ್ಯತ್ಯಾಸ ಏನೆಂದರೆ ವ್ಯಾಖ್ಯಾನ ಅರ್ಥ ಬಿಡಿಸುವುದಿಲ್ಲ. ಕಥೆ ಕೇಳಿದವನ ಎದೆಯಲ್ಲಿ ಏನಾಯಿತು ಅನ್ನುವುದನ್ನು ಹೇಳುತ್ತದೆ. ಹಾಡು ‘ನಿಂತುಹೋಗುತ್ತಿತ್ತು’ ಅಂದಿರಿ. ನಿಂತದ್ದು ಕಥೆ. ಒಂದು ವಾಕ್ಯ ಎದೆಗೆ ಚುಚ್ಚಿದ ಕೂಡಲೇ ಬಾಖ್ ಕಾಲವನ್ನು ನಿಲ್ಲಿಸಿ ಐದಾರು ನಿಮಿಷ ಅಲ್ಲೇ ಕೂರುತ್ತಾನೆ, ಆಮೇಲೆ ‘ಮುಂದೆ ಏನಾಯಿತೆಂದರೆ’ ಎನ್ನುತ್ತಾನೆ. ಇದು ಗೊತ್ತಿಲ್ಲದಿದ್ದರೆ ಅಡಿಗಡಿಗೆ ಸಿಗ್ನಲ್ ಬೀಳುವ ರಸ್ತೆಯಲ್ಲಿ ಹೋದಂತೆ ಅನ್ನಿಸುವುದು ಸಹಜ.

ಹಾಗಾಗಿ ನೆನಪಿಡಬೇಕಾದ್ದು ಒಂದೇ: ಈಗ ಮಾತಾಡುತ್ತಿರುವವರು ಯಾರು? ಅದು ಗೊತ್ತಾದರೆ ಭಾಷೆ ಅರ್ಧ ಗೊತ್ತಾದಂತೆ. ಒಂದು ಪುಟ್ಟ ಜಾಗ ಹೇಳುತ್ತೇನೆ, ನೀವು ಎದ್ದುಹೋಗುವ ಮೊದಲೇ ಬಂದು ಹೋಗಿರುತ್ತದೆ. ಕೊನೆಯ ಊಟದ ಹೊತ್ತು. ‘ನಿಮ್ಮಲ್ಲೊಬ್ಬ ನನಗೆ ದ್ರೋಹ ಬಗೆಯುತ್ತಾನೆ’ ಎಂದು ಯೇಸು ಹೇಳುತ್ತಾನೆ. ಶಿಷ್ಯರು ಗಾಬರಿಯಿಂದ ಒಬ್ಬರ ಮೇಲೊಬ್ಬರು ಬಿದ್ದು ‘ಸ್ವಾಮೀ, ನಾನೋ? ನಾನೋ?’ ಎನ್ನುತ್ತಾರೆ. ಐದೇ ಐದು ಬಾರ್‌ಗಳು (ತಾಳದ ಆವರ್ತನಗಳು), ಕೆಮ್ಮಿದರೆ ತಪ್ಪಿಹೋಗುತ್ತದೆ. ‘ಸ್ವಾಮೀ’ ಎಂಬ ಕರೆಯನ್ನು ಎಣಿಸಿ: ಹನ್ನೊಂದು. ಶಿಷ್ಯರು ಹನ್ನೆರಡು, ದ್ರೋಹಿ ಯೂದ ಬಾಯಿ ಬಿಟ್ಟಿಲ್ಲ. ಎಣಿಕೆಯ ಈ ಚಳಕಕ್ಕಿಂತ ಮುಂದಿನದು ನನಗೆ ದೊಡ್ಡದು. ಪ್ರಶ್ನೆಗೆ ಯೇಸು ಉತ್ತರಿಸುವ ಮೊದಲೇ ಕಥೆ ನಿಲ್ಲುತ್ತದೆ, ಇಡೀ ವೃಂದ ಶಾಂತವಾಗಿ ಒಂದು ಸ್ತೋತ್ರ ಎತ್ತಿಕೊಳ್ಳುತ್ತದೆ. ಅದರ ಮೊದಲ ಪದಗಳೇ ‘ನಾನೇ ಅದು’. ಪ್ರಶ್ನೆ ಶಿಷ್ಯರದು, ತಪ್ಪೊಪ್ಪಿಗೆ ಚರ್ಚಿನಲ್ಲಿ ಕೂತ ಲೈಪ್ಸಿಗ್ ವರ್ತಕರದು. ಇಬ್ಬರ ನಡುವೆ ಸಾವಿರದ ಏಳ್ನೂರು ವರ್ಷ, ಸಂಗೀತದಲ್ಲಿ ಒಂದು ಉಸಿರು.

ಯೇಸುವಿನದು ಬಾಸ್, ಗಂಡಸರ ತಗ್ಗಿನ ಕಂಠ. ಅವನನ್ನು ಗುರುತಿಸುವುದು ಸುಲಭ, ಅವನು ಬಾಯಿ ತೆರೆದರೆ ಸಾಕು, ತಂತಿವಾದ್ಯಗಳು ಸುತ್ತ ಬಂದು ನಿಲ್ಲುತ್ತವೆ. ಉಳಿದವರಿಗೆಲ್ಲ ಆರ್ಗನ್ ಮತ್ತು ಚೆಲ್ಲೊದ ಬರಿಯ ಊರುಗೋಲು. ಚಿತ್ರಗಳಲ್ಲಿ ತಲೆಯ ಸುತ್ತ ಬರೆಯುತ್ತಾರಲ್ಲ ಪ್ರಭಾವಳಿ, ಇದು ಅದರ ನಾದ. ಈಗ ಎರಡನೆಯ ಭಾಗದ ಕೊನೆಗೆ ಬನ್ನಿ. ಶಿಲುಬೆಯ ಮೇಲಿಂದ ‘ಏಲೀ, ಏಲೀ’, ನನ್ನನ್ನು ಯಾಕೆ ಕೈಬಿಟ್ಟೆ ಎಂಬ ಕೂಗು. ಅಲ್ಲಿ ತಂತಿಗಳಿಲ್ಲ. ಎರಡು ಗಂಟೆಗೂ ಮೀರಿ ಜೊತೆಗಿದ್ದ ಪ್ರಭಾವಳಿ ಆರಿಹೋಗಿದೆ. ಯಾರೂ ನಿಮಗೆ ಹೇಳುವುದಿಲ್ಲ, ಬೆಳಕಿನ ಬದಲಾವಣೆ ಇಲ್ಲ, ಡೋಲು ಇಲ್ಲ. ಇರುವುದು ಒಂದು ಇಲ್ಲದಿರುವಿಕೆ ಅಷ್ಟೇ. ಅದು ಕೇಳಬೇಕಾದರೆ ಆ ತಂತಿಗಳ ಅಭ್ಯಾಸ ಕಿವಿಗೆ ಆಗಿರಬೇಕು. ಆಯ್ದ ತುಣುಕುಗಳನ್ನು ಮಾತ್ರ ಕೇಳುವವರಿಗೆ ಇದು ದಕ್ಕುವುದೇ ಇಲ್ಲ.

ಇದೇ ಬಗೆಯ ಇನ್ನೊಂದು ಜಾಗ ಇದೆ, ಇಡೀ ಕೃತಿಯಲ್ಲಿ ನನಗೆ ಅತಿ ಪ್ರಿಯ. ಯೇಸುವನ್ನೋ ಬರಬ್ಬನೆಂಬ ಕೈದಿಯನ್ನೋ ಬಿಡಲಿ ಎಂದು ಕೇಳಿದ್ದಕ್ಕೆ ಜನ ‘ಬರಬ್ಬನನ್ನು ಬಿಡು’ ಎಂದು ಅರಚಿದ್ದಾರೆ. ಆ ‘ಬರಬ್ಬ’ ಒಂದೇ ಒಂದು ಕರ್ಕಶ ಸ್ವರಮೇಳ, ಎರಡೂ ವೃಂದಗಳಿಂದ ಒಟ್ಟಿಗೆ. ಕುರ್ಚಿಯಿಂದ ಬೀಳಿಸುತ್ತದೆ, ವಾಲ್ಯೂಮ್ ನೋಡಿಕೊಳ್ಳಿ. ಆಮೇಲೆ ‘ಶಿಲುಬೆಗೇರಿಸು’ ಎಂಬ ಗದ್ದಲ. ವಿಚಾರಣೆ ನಡೆಸುವ ರೋಮನ್ ಅಧಿಪತಿ ಪಿಲಾತ ಕೇಳುತ್ತಾನೆ, ‘ಯಾಕೆ, ಇವನು ಮಾಡಿದ ಕೆಟ್ಟದ್ದಾದರೂ ಏನು?’ ಆ ಪ್ರಶ್ನೆಗೆ ಗುಂಪು ಉತ್ತರಿಸುವುದಿಲ್ಲ. ಒಬ್ಬ ಸೊಪ್ರಾನೊ, ಅತಿ ಎತ್ತರದ ಕಂಠದವಳು, ಉತ್ತರಿಸುತ್ತಾಳೆ: ಒಳ್ಳೆಯದನ್ನೇ ಮಾಡಿದ, ಕುರುಡರಿಗೆ ಕಣ್ಣು ಕೊಟ್ಟ, ಕುಂಟರನ್ನು ನಡೆಸಿದ. ಆಮೇಲೆ ಅವಳ ಆರಿಯಾ. ಒಂದು ಕೊಳಲು, ಅದರ ಕೆಳಗೆ ‘ಓಬೋ ದಾ ಕಾಚಾ’ ಎಂಬ ಎರಡು ಬಾಗಿದ ವಾದ್ಯಗಳು, ಅಷ್ಟೇ. ಬಾಖ್ ಕಾಲದ ಬರೋಕ್ ಸಂಗೀತದಲ್ಲಿ ಆರ್ಗನ್-ಚೆಲ್ಲೊಗಳ ತಳದ ಸಾಲು ಎಂದೂ ನಿಲ್ಲದ ಪೀಠ. ಇಲ್ಲಿ ಬಾಖ್ ಅದನ್ನೇ ತೆಗೆದುಬಿಟ್ಟಿದ್ದಾನೆ. ವಿಲಂಬಿತ್ ಖ್ಯಾಲಿನ ನಡುವೆ ತಂಬೂರಿಗಳನ್ನು ಕೈಯಿಟ್ಟು ನಿಲ್ಲಿಸಿ, ಗಾಯಕಿಯೊಬ್ಬಳನ್ನೇ ಬಿಟ್ಟರೆ ಹೇಗಿರುತ್ತದೆ, ಊಹಿಸಿ. ನೆಲವಿಲ್ಲದ ಹಾಡು. ನಡುವೆ ಅಲ್ಲಲ್ಲಿ ಎಲ್ಲರೂ ನಿಂತು ತೂಗುತ್ತಾರೆ, ನೇರಪ್ರಸಾರದಲ್ಲಿ ಆ ಕ್ಷಣ ಕೊಳಲಿನವರು ಉಸಿರೆಳೆದುಕೊಳ್ಳುವುದು ಕೇಳುತ್ತದೆ. ಕೊನೆಯ ಸ್ವರ ಆರುವಷ್ಟರಲ್ಲಿ ಸುವಾರ್ತಾಕಾರ ‘ಅವರು ಇನ್ನೂ ಹೆಚ್ಚಾಗಿ ಕೂಗಿದರು’ ಎನ್ನುತ್ತಾನೆ, ಅದೇ ‘ಶಿಲುಬೆಗೇರಿಸು’ ಮತ್ತೆ ಬರುತ್ತದೆ, ಈ ಸಲ ಒಂದು ಸ್ವರ ಮೇಲಿನಿಂದ. ಅದೇ ಸಂಗೀತ, ಏರಿದ ಶ್ರುತಿ. ಗುಂಪಿನ ರೊಚ್ಚು ಹೆಚ್ಚುವುದನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ತೋರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಇದರ ಬೆನ್ನಿಗೇ ‘ಅವನ ರಕ್ತ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ’ ಎಂದು ಜನ ಕೂಗುವ ಸಾಲು ಬರುತ್ತದೆ. ಯಹೂದಿಗಳ ವಿರುದ್ಧ ಯುರೋಪ್ ಶತಮಾನಗಟ್ಟಲೆ ಬಳಸಿದ ವಾಕ್ಯ ಅದು. ಬಾಖ್ ಅದನ್ನು ಸುವಾರ್ತೆಯಿಂದ ಹಾಗೇ ಎತ್ತಿಕೊಂಡಿದ್ದಾನೆ, ಸಂಗೀತವೂ ಭೀಕರವಾಗಿ ಚೆನ್ನಾಗಿದೆ. ನನಗೆ ಅಲ್ಲಿ ಕಸಿವಿಸಿಯಾಗುತ್ತದೆ, ಆಗಲೂಬೇಕು.

ಜರ್ಮನ್ ಬಗ್ಗೆ. ನಿಮಗೆ ಬೇಕಾದ ಸಾಹಿತ್ಯಪಠ್ಯ ಕನ್ನಡದಲ್ಲೇ ಇದೆ. ಸುವಾರ್ತಾಕಾರ ಹೇಳುವುದು ಲೂಥರನ ಜರ್ಮನ್ ಅನುವಾದದ ಮತ್ತಾಯನ ಸುವಾರ್ತೆಯ 26 ಮತ್ತು 27ನೇ ಅಧ್ಯಾಯ, ಒಂದು ಪದ ಬಿಡದೆ. ಕನ್ನಡ ಬೈಬಲ್ ತೆಗೆದು ಆ ಎರಡು ಅಧ್ಯಾಯಗಳನ್ನು ತೊಡೆಯ ಮೇಲಿಟ್ಟುಕೊಳ್ಳಿ, ಪೇತ್ರ, ಪಿಲಾತ, ಬರಬ್ಬ, ಗೊಲ್ಗೊಥ ಎಂಬ ಹೆಸರುಗಳು ಮೈಲಿಗಲ್ಲಿನಂತೆ ದಾರಿ ತೋರಿಸುತ್ತವೆ. ಬಾಖ್ ಕೂಡ ತನ್ನ ಕೈಪ್ರತಿಯಲ್ಲಿ ಸುವಾರ್ತೆಯ ಮಾತುಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾನೆ. ಆರಿಯಾಗಳ ಪದ್ಯಗಳು ಪಿಕಾಂಡರ್ ಎಂಬ ಕಾವ್ಯನಾಮದ ಲೈಪ್ಸಿಗ್ ಕವಿಯವು. ಅವುಗಳ ಸಾರಾಂಶ ಗೊತ್ತಿದ್ದರೆ ಸಾಕು, ಕಾವ್ಯವಾಗಿ ಅಂಥ ಘನವಾದದ್ದೇನಲ್ಲ.

ಆ ಶಾಂತ ಸ್ತೋತ್ರಗಳಿಗೆ ಕೋರಾಲ್ ಎಂದು ಹೆಸರು. ಸಭೆಗೆ ಬಾಯಿಪಾಠವಾಗಿದ್ದ ಧಾಟಿಗಳು. ಇಲ್ಲಿ ನಿಮ್ಮ ಊರಿನ ನಂಟೊಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ ಕೆಲವೇ ವರ್ಷಗಳಲ್ಲಿ ಧಾರವಾಡಕ್ಕೂ ಹುಬ್ಬಳ್ಳಿಗೂ ಬಂತು. ಆ ಪಾದ್ರಿಗಳು ಜರ್ಮನ್ ಸ್ತೋತ್ರಗಳನ್ನು ಧಾಟಿಯ ಸಮೇತ ಕನ್ನಡಕ್ಕೆ ತಂದರು, ಅವುಗಳಲ್ಲಿ ಕೆಲವು ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇಂದಿಗೂ ಕೇಳುತ್ತವೆ. ಮಂಗಳೂರಿನ ಕಡೆ ಬೆಳೆದ ಕನ್ನಡ ಕ್ರೈಸ್ತರ ಜೊತೆ ಕೂತು ಈ ಪ್ಯಾಶನ್ ಕೇಳಿ ನೋಡಿ. ನಾವು ಕಣ್ಣು ಕಣ್ಣು ಬಿಡುವ ಕಡೆ ಅವರು ಮೆಲ್ಲಗೆ ಗುನುಗುತ್ತಾರೆ. ಒಂದು ಧಾಟಿ ಈ ಕೃತಿಯಲ್ಲಿ ಐದು ಕಡೆ ಬರುತ್ತದೆ, ‘ರಕ್ತ ಗಾಯಗಳಿಂದ ತುಂಬಿದ ಶಿರಸ್ಸೇ’ ಎಂಬ ಸ್ತೋತ್ರದ್ದು. ಮೂಲದಲ್ಲಿ ಅದು ಪ್ರೇಮಗೀತೆ! ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರಕಟಿಸಿದ್ದು, ಒಬ್ಬ ಹುಡುಗಿಯಿಂದ ತಲೆ ಕೆಟ್ಟವನ ಹಾಡು. ಐದನೆಯ ಸಲ ಅದು ಬರುವುದು ಯೇಸು ಸತ್ತ ಮರುಕ್ಷಣ. ಧಾಟಿ ಅದೇ, ಆದರೆ ಕೆಳಗಿನ ಸ್ವರಮೇಳಗಳು ಹಿಂದಿನ ನಾಲ್ಕು ಸಲ ಹೋಗದ ದಾರಿ ಹಿಡಿಯುತ್ತವೆ. ಮೊದಲ ಸಲವೇ ಈ ಧಾಟಿ ಗುರುತಿಟ್ಟುಕೊಂಡು ಐದನೆಯದಕ್ಕೆ ಕಾಯಿರಿ.

ಕ್ರೈಸ್ತನಲ್ಲ ಎಂಬ ಅಳುಕಿಗೆ ನನ್ನ ಉತ್ತರ ಯೇಸುವಿನ ಶಿಷ್ಯ ಪೇತ್ರನ ಪ್ರಸಂಗ. ‘ಅವನನ್ನು ನಾನರಿಯೆ’ ಎಂದು ಮೂರು ಸಲ ಹೇಳಿ, ಕೋಳಿ ಕೂಗಿದಾಗ ಹೊರಗೆ ಹೋಗಿ ಅಳುತ್ತಾನೆ. ಸುವಾರ್ತಾಕಾರ ‘ಬಹಳವಾಗಿ ಅತ್ತನು’ ಎಂಬಲ್ಲಿ ತನ್ನ ವರದಿಗಾರನ ಧಾಟಿ ಮರೆತು ಸ್ವರಗಳನ್ನು ಎಳೆಯುತ್ತಾನೆ, ಹೇಳುವವನಿಗೇ ಗಂಟಲು ಕಟ್ಟಿದಂತೆ. ಆಮೇಲೆ ಒಂಟಿ ವಯೊಲಿನ್, ಕೆಳಗೆ ಬಿಲ್ಲಿಲ್ಲದೆ ಬೆರಳಿನಿಂದ ಮೀಟುವ ತಳದ ಸಾಲು, ಹನಿ ತೊಟ್ಟಿಕ್ಕಿದಂತೆ. ಆ ವಯೊಲಿನ್ನಿನ ಜಾರುಗಳು ನಿಮಗೆ ಮೀಂಡಿನ ದೂರದ ನೆಂಟರಂತೆ ಕಂಡಾವು. ಹೋಲಿಕೆಯನ್ನು ಅಲ್ಲಿಗೇ ಬಿಡಿ, ಮುಂದೆ ಎಳೆದರೆ ಹರಿದುಹೋಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಪೇತ್ರನ ಪಾತ್ರ ಬಾಸ್ ಕಂಠದ್ದು, ಈ ‘ಕರುಣಿಸು’ ಎಂಬ ಆರಿಯಾ ಹಾಡುವುದು ಆಲ್ಟೊ ಎಂಬ ಎತ್ತರದ ಬೇರೆ ಕಂಠ. ಅಳು ಪೇತ್ರನ ಕೈಯಿಂದ ಬೇರೆ ಯಾರಿಗೋ ದಾಟಿಬಿಟ್ಟಿದೆ. ಭಯದಿಂದ ಒಮ್ಮೆಯಾದರೂ ತನ್ನವರನ್ನು ‘ಗೊತ್ತಿಲ್ಲ’ ಅಂದಿರುವ ಯಾರಿಗಾದರೂ ಇದು ಸೇರಿದ್ದು. ಅದಕ್ಕೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಬೇಕಾಗಿಲ್ಲ.

ಇನ್ನು ನೇರಪ್ರಸಾರವೇ ಯಾಕೆ? ರೆಕಾರ್ಡಿಂಗ್‌ನಲ್ಲಿ ತಪ್ಪುಗಳಿರುವುದಿಲ್ಲ, ನಿಜ. ನೇರಪ್ರಸಾರದಲ್ಲಿ ಇರುತ್ತವೆ. ಹಳೆಯ ಮಾದರಿಯ ವಾದ್ಯಗಳಿಗೆ ಕರುಳಿನ ತಂತಿ, ಚರ್ಚಿನೊಳಗಿನ ತೇವಕ್ಕೆ ಶ್ರುತಿ ಜಾರುತ್ತದೆ, ನಡುವೆ ನಿಲ್ಲಿಸಿ ಸರಿಮಾಡಿಕೊಳ್ಳುವುದು ಕೇಳುತ್ತದೆ. ಅಂದಹಾಗೆ ಇಂಥ ಮೇಳಗಳು ಸಾಮಾನ್ಯವಾಗಿ 440ರ ಬದಲು 415 ಹರ್ಟ್ಸ್‌ಗೆ ಶ್ರುತಿ ಇಟ್ಟುಕೊಳ್ಳುತ್ತವೆ, ಅರ್ಧ ಸ್ವರ ಕೆಳಗೆ. ನೀವು ಹಾರ್ಮೋನಿಯಂ ಪಕ್ಕದಲ್ಲಿಟ್ಟು ತಾಳೆ ನೋಡುವವರಾದರೆ ಗಲಿಬಿಲಿ ಬೇಡ. ನನ್ನ ಮಟ್ಟಿಗೆ ಅಸಲು ಕಾರಣ ಬೇರೆ. ರೆಕಾರ್ಡಿಂಗ್‌ನಲ್ಲಿ ಕೈ ತಾನೇ ತಾನಾಗಿ ಮುಂದಕ್ಕೆ ಓಡಿಸುತ್ತದೆ. ಈ ಕೃತಿಯಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದನ್ನು ಬಾಖ್ ಬರೆದಿಟ್ಟಿದ್ದಾನೆ. ಅದು ಅವನ ಕೈಯಲ್ಲೇ ಇರುವುದು ನೇರಪ್ರಸಾರದಲ್ಲಿ ಮಾತ್ರ.

ನೇರಪ್ರಸಾರದ ತಪ್ಪುಗಳೂ ಕಾಲ ಕಳೆದಂತೆ ದಾಖಲೆಯಾಗುತ್ತವೆ. ಆಮ್‌ಸ್ಟರ್‌ಡಾಮಿನ ಕಾನ್ಸರ್ಟ್‌ಖೆಬೌ ಸಭಾಂಗಣದಲ್ಲಿ ಮೇಳದ ನಿರ್ದೇಶಕ ವಿಲ್ಲೆಮ್ ಮೆಂಗೆಲ್‌ಬರ್ಗ್ 1899ರಿಂದ ಪಾಮ್ ಸಂಡೇಗೆ, ಅಂದರೆ ಈಸ್ಟರಿಗೆ ಹಿಂದಿನ ಭಾನುವಾರ, ಈ ಪ್ಯಾಶನ್ ನಡೆಸುವ ರೂಢಿ ಹಾಕಿದ. 1939ರ ಏಪ್ರಿಲ್ 2ರ ಪ್ರದರ್ಶನ ರೇಡಿಯೊ ಕೃಪೆಯಿಂದ ಉಳಿದಿದೆ. ಇಂದಿನ ಕಿವಿಗೆ ಅಸಾಧ್ಯ ನಿಧಾನ, ಎಷ್ಟೋ ಭಾಗಗಳಿಗೆ ಕತ್ತರಿ. ಐದು ತಿಂಗಳಿಗೆ ಯುದ್ಧ. ಅದನ್ನು ಮಾದರಿ ಎಂದು ನಾನು ಯಾರಿಗೂ ಕೊಡುವುದಿಲ್ಲ, ಆದರೂ ವರ್ಷಕ್ಕೊಮ್ಮೆ ಕೇಳುತ್ತೇನೆ. ಇನ್ನೊಂದು 2020ರದು, ಏಪ್ರಿಲ್ 10. ಥಾಮಸ್ ಚರ್ಚು ಖಾಲಿ. 1950ರಿಂದ ಅಲ್ಲೇ ಇರುವ ಬಾಖ್‌ನ ಸಮಾಧಿಯ ಬಳಿ ಐಸ್‌ಲ್ಯಾಂಡಿನ ಟೆನರ್ ಬೆನೆಡಿಕ್ಟ್ ಕ್ರಿಸ್ಟ್ಯಾನ್ಸನ್, ಕೀಬೋರ್ಡ್ ವಾದ್ಯಗಳಿಗೆ ಒಬ್ಬರು, ತಾಳವಾದ್ಯಗಳಿಗೆ ಒಬ್ಬರು. ಮೂವರೇ ಬಾಖ್ ಬರೆದ ಇನ್ನೊಂದು ಪ್ಯಾಶನ್ ಆದ ‘ಸೇಂಟ್ ಜಾನ್ ಪ್ಯಾಶನ್’ ಅನ್ನು ಹೊತ್ತು ನಡೆದರು. ಕೋರಾಲ್‌ಗಳಿಗೆ ದೂರ ದೂರ ನಿಂತ ಕೆಲವೇ ಗಾಯಕರು, ಜೊತೆಗೆ ವಿಡಿಯೊ ಮೂಲಕ ಬೇರೆ ಬೇರೆ ದೇಶಗಳ ದನಿಗಳು. ಮನೆಯಲ್ಲಿ ಕೂತವರೂ ಹಾಡಲಿ ಎಂದು ಸ್ವರಲಿಪಿ ಮೊದಲೇ ಹಂಚಿದ್ದರು. ಅಲ್ಲಿ ಮಧ್ಯಾಹ್ನ 3 ಗಂಟೆ, ನಮಗೆ ಸಂಜೆ ಆರೂವರೆ. ಲಾಕ್‌ಡೌನಿನ ಬೀದಿ ನಿಶ್ಶಬ್ದ, ಪಕ್ಕದ ಮನೆಯ ಕುಕ್ಕರ್ ಸೀಟಿ ಮಾತ್ರ. ಗುಂಪಿನ ಗದ್ದಲವನ್ನೂ ಆ ಟೆನರ್ ಒಬ್ಬನೇ ಹೇಳಬೇಕಾಗಿ ಬಂದಾಗ, ಗುಂಪು ಎಂದರೆ ಏನೆಂದು ಮೊದಲ ಸಲ ಯೋಚಿಸಿದೆ.

ಸಮಯದ ಲೆಕ್ಕದಲ್ಲಿ ಎಚ್ಚರ. ಬೇಸಿಗೆ ಗಡಿಯಾರ ಶುರುವಾದ ಮೇಲೆ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಅದಕ್ಕೆ ಮೊದಲು ನಾಲ್ಕೂವರೆ. ಗಡಿಯಾರ ಬದಲಾಗುವುದು ಮಾರ್ಚ್ ಕೊನೆಯ ಭಾನುವಾರ. 2024ರಲ್ಲಿ ಗುಡ್ ಫ್ರೈಡೇ ಮಾರ್ಚ್ 29ಕ್ಕೆ ಬಂತು, ಬದಲಾವಣೆಗೆ ಎರಡೇ ದಿನ ಮೊದಲು. ನಾನು ಒಂದು ಗಂಟೆ ಮುಂಚೆ ಕೂತು ಜರ್ಮನ್ ಹವಾಮಾನ ವರದಿ ಕೇಳಿದೆ. 2027ರಲ್ಲೂ ಅದೇ ಕಥೆ, ಗುಡ್ ಫ್ರೈಡೇ ಮಾರ್ಚ್ 26ಕ್ಕೆ, ಗಡಿಯಾರ 28ಕ್ಕೆ. ವಿಡಿಯೊ ನಮ್ಮ ದೇಶಕ್ಕೆ ತೆರೆಯದಿದ್ದರೆ ರೇಡಿಯೊದ ಧ್ವನಿಪ್ರಸಾರ ಪ್ರಯತ್ನಿಸಿ. ಯುರೋಪಿನ ಸಾರ್ವಜನಿಕ ರೇಡಿಯೊಗಳು ಇಂಥ ಕಛೇರಿಗಳನ್ನು ತಮ್ಮೊಳಗೆ ಹಂಚಿಕೊಳ್ಳುವುದರಿಂದ ಒಂದು ಕಡೆ ಸಿಗದ್ದು ಇನ್ನೊಂದು ಕಡೆ ಸಿಗುವುದುಂಟು. ತಂತಿಯ ಹೆಡ್‌ಫೋನ್ ಸಾಕು, ದುಬಾರಿಯದು ಬೇಡ. ಫೋನಿನ ‘ಬಾಸ್ ಬೂಸ್ಟ್’ ಮಾತ್ರ ಆಫ್ ಮಾಡಿ.

ನೀವು ಎದ್ದುಹೋದದ್ದು ಗೆತ್ಸೆಮನೆ ತೋಟದ ಆಸುಪಾಸು. ಇನ್ನೊಂದು ಇಪ್ಪತ್ತು ನಿಮಿಷ ಕೂತಿದ್ದರೆ, ಯೇಸುವನ್ನು ಹಿಡಿದೊಯ್ದ ಮೇಲೆ ‘ಸಿಡಿಲು ಮಿಂಚುಗಳು ಮೋಡದಲ್ಲಿ ಮಾಯವಾದವೇ?’ ಎಂದು ಎರಡೂ ವೃಂದಗಳು ಒಂದರ ಮೇಲೊಂದು ಎರಗುವುದನ್ನು ಕೇಳುತ್ತಿದ್ದಿರಿ. ದ್ರುತ್ ತಾನುಗಳ ರುಚಿ ಹತ್ತಿದವರನ್ನು ಅದು ಬಿಡುವುದಿಲ್ಲ. ಅಲ್ಲಿಂದ ಮೊದಲ ಭಾಗದ ಕೊನೆ ಹತ್ತಿರವೇ. ಆಗ ಬೇಕಾದರೆ ಎದ್ದು ಊಟ ಮುಗಿಸಿ, ಲೈಪ್ಸಿಗ್‌ನವರಿಗೆ ಉಪದೇಶ ಇದ್ದ ಹೊತ್ತು ಅದು.

ಕೊನೆಯ ಗೀತೆ ಸಮಾಧಿಯ ಬಳಿ ಕೂತು ಹಾಡುವ ಲಾಲಿ, ‘ಮೆಲ್ಲಗೆ ಮಲಗು’. ಅದರ ಕಟ್ಟಕಡೆಯ ಸ್ವರಮೇಳದಲ್ಲಿ ಕೊಳಲುಗಳನ್ನು ಹಿಡಿದು ಕೇಳಿ. ಎಲ್ಲರೂ ಸಿ ಮೈನರ್‌ನಲ್ಲಿ ವಿಶ್ರಮಿಸಿದಾಗ ಅವು ಅರ್ಧ ಸ್ವರ ಕೆಳಗೆ, ಬಿ ಮೇಲೆ, ನೋಯುವ ಹಾಗೆ ಒರಗಿ ನಿಂತು ಆಮೇಲೆ ಸೇರಿಕೊಳ್ಳುತ್ತವೆ. ನಿಮ್ಮ ಲೆಕ್ಕದಲ್ಲಿ ನಿಷಾದ ಷಡ್ಜಕ್ಕೆ ಬರಲು ಒಲ್ಲೆ ಎಂದು ಒಂದು ಗಳಿಗೆ ತಡೆದ ಹಾಗೆ. ಗುಡ್ ಫ್ರೈಡೇ ದಿನ ಚರ್ಚಿನೊಳಗಾದರೆ ಹಲವೆಡೆ ಆಮೇಲೆ ಚಪ್ಪಾಳೆ ಇಲ್ಲ. ಪ್ರಸಾರ ಕಡಿಯಿತೇನೋ ಎಂದು ಫೋನ್ ಮುಟ್ಟಬೇಡಿ. ಸ್ವಲ್ಪ ಹೊತ್ತಿಗೆ ಬೆಂಚು ಕಿರುಗುಟ್ಟುವುದು ಕೇಳುತ್ತದೆ, ಕೋಟು ಹಾಕಿಕೊಳ್ಳುವ ಸದ್ದು, ಯಾರೋ ತಡೆದುಕೊಂಡಿದ್ದ ಕೆಮ್ಮು.